ಮೇಷ್ಟರ ಕೊಠಡಿಯ ರಾಗಿಕಲ್ಲು

ನಾಲ್ಕು ತಾಲ್ಲೂಕುಗಳನ್ನು ಜಾಲಾಡಿದರೂ ನಮ್ಮ ಸೋದರಮಾವನಷ್ಟು ಕೆಟ್ಟದಾಗಿ ಹಾಡುವ ಮನುಷ್ಯ ಇನ್ನೊಬ್ಬ ಸಿಕ್ಕಲಾರ. ಇದು ಮನೆಯೊಳಗಿನ ಮತ್ಸರದ ಮಾತಲ್ಲ, ಸಾಕ್ಷ್ಯಾಧಾರವುಳ್ಳ ಹೇಳಿಕೆ. ಗಣಿತದ ಮೇಷ್ಟರಾಗಿ ಅವರು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ದುಡಿದಿದ್ದಾರೆ; ನಾಲ್ಕರಲ್ಲೂ ಹಾಡಿದ್ದಾರೆ; ಕೇಳಿದವರು ನಾಲ್ಕರಲ್ಲೂ ಇನ್ನೂ ಬದುಕಿದ್ದಾರೆ, ಬೇಕಾದವರು ಹೋಗಿ ವಿಚಾರಿಸಬಹುದು. ಅವರ ಷಡ್ಜ ಹೊರಟ ಜಾಗಕ್ಕೆ ಎಂದೂ ಹಿಂದಿರುಗಿದ್ದಿಲ್ಲ. ಇಂಥ ಕಂಠವನ್ನು ಕೊಟ್ಟ ದೇವರು ಜೊತೆಗೆ ಒಂದಿಷ್ಟು ಸಂಕೋಚವನ್ನೂ ಕೊಡಬಾರದಿತ್ತೇ? ಕೊಡಲಿಲ್ಲ. ಅದರ ಬದಲು ಒಂದು ಸಿದ್ಧಾಂತವನ್ನು ಕೊಟ್ಟ!

ಸಿದ್ಧಾಂತ ಇಷ್ಟೇ: "ಚೆನ್ನಾಗ್ ಹಾಡೋನು ಊರಿಗ್ ಹಾಡ್ತಾನೆ. ಕೆಟ್ಟದಾಗ್ ಹಾಡೋನು ತನಗ್ ಹಾಡ್ಕತಾನೆ. ತನಗೂ ಹಾಡ್ಕಳದೆ ಇದ್ದೋನು ಹೋಗಿ ಮಕ್ಕಳ ಮೇಲೆ ಕೂಗಾಡ್ತಾನೆ."

ನಮ್ಮ ಶಾಲೆಗಳಲ್ಲಿ ಕೇಳಿಬರುವ ಕೂಗಾಟದ ಪ್ರಮಾಣವನ್ನು ನೆನೆದರೆ, ಎಷ್ಟು ಹಾಡುಗಳು ಎಷ್ಟು ಗಂಟಲುಗಳಲ್ಲಿ ಸಿಕ್ಕಿಕೊಂಡಿವೆಯೋ ಎಂದು ಗಾಬರಿಯಾಗುತ್ತದೆ.

ಸಿದ್ಧಾಂತದ ಮೊದಲ ಪ್ರಯೋಗ ನಡೆದದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿನ ಆಸುಪಾಸಿನ ಒಂದು ಶಾಲೆಯಲ್ಲಿ. ಗಣಿತದ ಕಿರುಪರೀಕ್ಷೆಗೆ ಮೊದಲು ಮಾವ ಹತ್ತನೇ ತರಗತಿಯ ಮಕ್ಕಳನ್ನು ಕಣ್ಣು ಮುಚ್ಚಿಸಿ, ಬಾಯಿ ಮುಚ್ಚಿಸಿ, ಮೂಗಿನಿಂದ ಒಂದೇ ಸ್ವರ ಹಿಡಿಸುತ್ತಿದ್ದರು. ಎದೆಯ ನಡುಕ ಅದರಿಂದ ಇಳಿಯುತ್ತದಂತೆ. ಒಮ್ಮೆ ಇಡೀ ತರಗತಿ ಹೀಗೆ ಗುಂಯ್‌ಗುಡುತ್ತಿದ್ದಾಗ, ಪಕ್ಕದ ಕಬ್ಬಿನ ಗದ್ದೆಯಿಂದ ಇಬ್ಬರು ರೈತರು ಕಂಬಳಿ ಹೊದ್ದು, ಹೊಗೆಯಾಡುವ ಹುಲ್ಲಿನ ಪಂಜು ಹಿಡಿದು ಒಳನುಗ್ಗಿದರು.

"ಏನ್ ಮೇಷ್ಟ್ರೇ, ಜೇನು ಎದ್ದೈತೆ, ಮಕ್ಕಳ್ನ ಒಳ್ಗೇ ಕೂರುಸ್ಕಂಡ್ ಕುಂತಿದ್ದೀರಲ್ಲ!"

"ಜೇನಲ್ಲ ಕಣಪ್ಪ, ಹತ್ತನೇ ಕ್ಲಾಸು."

"ಮತ್ತೆ ಈ ಐಕ್ಳು ಇಂಗ್ಯಾಕೆ ನರಳ್ತಾವೆ? ಏನ್ ಕಚ್ತು?"

"ಗಣಿತ," ಎಂದರು ಮಾವ.

ಎರಡನೆಯ ಪ್ರಯೋಗ ಪಾಂಡವಪುರದಲ್ಲಿ, ಈ ಬಾರಿ ಅಧ್ಯಾಪಕರ ಮೇಲೆ. ಮಧ್ಯಾಹ್ನದ ಊಟವಾದ ಮೇಲೆ ಸ್ವಲ್ಪ ಹೊತ್ತು ಯಾರೂ ಉತ್ತರಪತ್ರಿಕೆ ತಿದ್ದಬಾರದು, ಯಾರ ಮೇಲೂ ಚಾಡಿ ಹೇಳಬಾರದು, ಕಾಲನ್ನು ಬೆಂಚಿನ ಮೇಲೆ ಚಾಚಿ ಉಸಿರಾಡಬೇಕು. ಅಷ್ಟೇ! ಉಳಿದವರಿಗೆ ಇದು ಕಠಿಣವಾಯಿತು. ಡ್ರಿಲ್ ಮೇಷ್ಟರಿಗೆ ಮಾತ್ರ ಮೊದಲ ದಿನವೇ ಸಿದ್ಧಿಸಿತು. ಅವರು ಎಂಥ ನಿದ್ದೆಗೆ ಇಳಿದರೆಂದರೆ, ಮುಂದಿನ ಪಿರಿಯಡ್ಡಿನ ಮಕ್ಕಳು ಕಿಟಕಿಯಿಂದ ಇಣುಕಿ, ಎಬ್ಬಿಸಲು ಮನಸ್ಸಾಗದೆ, ಅವರ ಗೊರಕೆಯ ತಾಳಕ್ಕೇ ಸಾಲಾಗಿ ನಿಂತು ಎಡ ಬಲ ಹಾಕಿದರು. ಆ ವರ್ಷದ ಅತ್ಯಂತ ಶಿಸ್ತಿನ ಕವಾಯತು ಅದೇ ಎಂದು ಕಂಡವರು ಹೇಳುತ್ತಾರೆ. ಅದಾದ ಸ್ವಲ್ಪ ದಿನಕ್ಕೆ ಮಾವನಿಗೆ ಕೃಷ್ಣರಾಜಪೇಟೆ ತಾಲ್ಲೂಕಿಗೆ ವರ್ಗವಾಯಿತು, "ಸಾರ್ವಜನಿಕ ಹಿತದೃಷ್ಟಿಯಿಂದ". ಯಾವ ಸಾರ್ವಜನಿಕರು, ಯಾವ ಹಿತ, ಯಾವ ದೃಷ್ಟಿ ಎಂದು ಕೇಳುವ ಹಕ್ಕು ಮೇಷ್ಟರಿಗಿಲ್ಲ.

ಅಲ್ಲಿ, ಗೋವಿಂದನಹಳ್ಳಿಯ ಹತ್ತಿರ, ನಮ್ಮ ಅಜ್ಜಿಯ ಮನೆ. ಹಿತ್ತಿಲ ಮೂಲೆಯಲ್ಲಿ ಹಳೆಯ ರಾಗಿಕಲ್ಲು ಬೋರಲಾಗಿ ಬಿದ್ದಿತ್ತು. "ಇದ್ಯಾಕವ್ವ ಇಂಗ್ ಮಲಗೈತೆ?" ಎಂದು ಮಾವ ಕೇಳಿದರಂತೆ. ಅಜ್ಜಿ ಹೇಳಿದಳಂತೆ: "ಮಿಲ್ಲು ಬಂತು ಕಣಪ್ಪ. ಇಟ್ಟು ನುಣ್ಣಗಾಯ್ತು, ಬಾಯಿ ಬಿದ್ದೋಯ್ತು. ಮೊದ್ಲು ಅತ್ತೆ ಬೈದ್ರೂ ಗಂಡ ಬೈದ್ರೂ ಕಲ್ಲಿನ್ ಮುಂದೆ ಕುಂತು ಪದ ಕಟ್ಟಿ ಹೇಳ್ಕಂಡು ಅಗುರಾಗ್ಬುಡ್ತಿದ್ದೊ. ಈಗ ಯಾರ್ ಮುಂದೆ ಹೇಳ್ಕಳಾನ?"

ಮಾವ ಆ ಮಾತನ್ನು ಬಿಡಲಿಲ್ಲ. ಮತ್ತೆ ವರ್ಗವಾಗಿ ನಾಗಮಂಗಲ ತಾಲ್ಲೂಕಿಗೆ ಹೊರಟಾಗ ಹಾಸಿಗೆ ಸುರುಳಿಯ ಜೊತೆಗೆ ಕಲ್ಲನ್ನೂ ಎತ್ತಿಸಿಕೊಂಡು ಬಸ್ಸು ಹತ್ತಿದರು.

"ಏನ್ ಮೇಷ್ಟ್ರೇ, ಇದುನ್ನ ಎಲ್ಲಿಗ್ ಕರ್ಕಂಡೋಗ್ತಿದ್ದೀರಿ?" ಎಂದ ಕಂಡಕ್ಟರು.

"ಇಸ್ಕೂಲ್ಗೆ ಸೇರಿಸ್ಬೇಕಾಗಿತ್ತು."

"ಎಷ್ಟ್ನೇ ಕ್ಲಾಸ್ಗೆ?"

"ಮೇಷ್ಟ್ರ ರೂಮ್ಗೆ."

"ಅಲ್ಲಿ ಆಗ್ಲೇ ಬೇಕಾದಷ್ಟ್ ಅವೆ ಬುಡಿ ಸಾ!" ಎಂದು ಕಂಡಕ್ಟರು ಸೀಟಿ ಊದಿದ.

ಇಲ್ಲಿಂದ ಮುಂದಿನದಕ್ಕೆ ನಾನೇ ಸಾಕ್ಷಿ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆ ಸಿಕ್ಕಾಗಲೆಲ್ಲ ಮಾವನ ಬಾಡಿಗೆ ಕೋಣೆಗೆ ಹೋಗುತ್ತಿದ್ದೆ, ಅವರ ಶಾಲೆಯಲ್ಲೂ ಕೂರುತ್ತಿದ್ದೆ. ಅಧ್ಯಾಪಕರ ಕೊಠಡಿಯ ಮೂಲೆಯಲ್ಲಿ ಗೋಣಿತಾಟು ಹಾಸಿ ಕಲ್ಲನ್ನು ಪ್ರತಿಷ್ಠಾಪಿಸಲಾಗಿತ್ತು. ನಿಯಮಗಳು ಸರಳ. ಮನಸ್ಸು ಕೆಟ್ಟವರು ಗೂಟ ಹಿಡಿದು ಬೀಸಬೇಕು. ಬೀಸುತ್ತಾ ತಮ್ಮ ಸಂಕಟವನ್ನು ಬಾಯಿಗೆ ಬಂದ ಧಾಟಿಯಲ್ಲಿ ಹಾಡಬೇಕು. ಎದುರಿಗೆ ಕೂತವರು ಗೂಟಕ್ಕೆ ಒಂದು ಕೈ ಕೊಟ್ಟು, ಪ್ರತಿ ಸಾಲಿಗೂ "ಸುವ್ವಿ" ಎನ್ನಬೇಕು. ಬುದ್ಧಿ ಹೇಳುವಂತಿಲ್ಲ! ಪಾನ್ ಅಂಗಡಿಯವನಿಂದ ಮಂತ್ರಿಯವರೆಗೆ ಎಲ್ಲರೂ ಬಿಟ್ಟಿಯಾಗಿ ಬುದ್ಧಿ ಹೇಳುವ ಈ ನಾಡಿನಲ್ಲಿ ಇದಕ್ಕಿಂತ ಕ್ರೂರವಾದ ನಿಷೇಧ ಉಂಟೇ? ಹಿಟ್ಟೆಲ್ಲ ಹತ್ತನೆಯ ತರಗತಿಯ ವಿಶೇಷ ಪಾಠದ ಮಕ್ಕಳ ಅಂಬಲಿಗೆ.

ಗಂಡಸು ರಾಗಿ ಬೀಸುವುದೆಂದರೇನು ಎಂದು ಊರು ನಕ್ಕಿತು. "ಮೇಷ್ಟ್ರೇ, ಒನಕೆ ಯಾವಾಗ ತತ್ತೀರಿ?" ಎಂದು ಟೀ ಅಂಗಡಿಯಲ್ಲಿ ಕೇಳಿದರು. "ನೀನ್ ಯಾವಾಗ ಅಳ್ತೀಯೋ ಅವಾಗ ಹೇಳಪ್ಪ, ತತ್ತೀನಿ," ಎಂದರು ಮಾವ. ಕೇಳಿದವನು ಟೀ ಮುಗಿಸದೆ ಎದ್ದು ಹೋದ.

ಮೊದಲು ಕಲ್ಲಿಗೆ ಕೂತವರು ವಿಜ್ಞಾನದ ಮೇಡಂ. ಆಮೇಲೆ ಕನ್ನಡ ಪಂಡಿತರು. ಒಂದು ದಿನ ಪಂಡಿತರು ಕಣ್ಣು ಮುಚ್ಚಿ, ತನ್ಮಯರಾಗಿ ಮುಖ್ಯೋಪಾಧ್ಯಾಯರ ಮೇಲೆಯೇ ಪದ ಕಟ್ಟಿ ಹಾಡುತ್ತಿದ್ದರು: ಅವರ ಮೀಸೆ, ಅವರ ಮೆಮೊ, ತುಂಬಿದ ಸಭೆಯಲ್ಲಿ ಅವರು ಆಡಿದ ಮಾತು. ಬಾಗಿಲಲ್ಲಿ ಸಾಕ್ಷಾತ್ ಮುಖ್ಯೋಪಾಧ್ಯಾಯರು! ಎದುರಿಗೆ ಕೂತಿದ್ದ ಮೇಡಂ ಅವರ "ಸುವ್ವಿ" ಗಂಟಲಲ್ಲೇ ನಿಂತಿತು. ಪಂಡಿತರ ಸಾಲು ಮುಗಿದು, ಕಲ್ಲು ಮಾತ್ರ ತಿರುಗುತ್ತಿತ್ತು. ಆಗ ಬಾಗಿಲಿನಿಂದ ಗಂಭೀರವಾದ ಧ್ವನಿಯೊಂದು "ಸುವ್ವಿ" ಎಂದಿತು.

ಮರುದಿನ ಅದೇ ಧ್ವನಿ ಮಾವನ ಕಿವಿಯ ಬಳಿ ಕೇಳಿತು: "ಒಂದಿಷ್ಟು ರಾಗಿ ಉಳಿದಿದೆಯೇನ್ರೀ?"

ನಕ್ಕದ್ದು ಸಾಕು. ಇನ್ನು ಆ ಹುಡುಗಿಯ ವಿಷಯ ಹೇಳಬೇಕು.

ಹತ್ತನೇ ತರಗತಿಯ ಅವಳು ಅಕ್ಕಸಾಲಿಗರ ಮನೆಯ ಮಗಳು, ತರಗತಿಗೇ ಮೊದಲು. ಅಪ್ಪ ಮೂಗುತಿ ಮಾಡಿಸಲು ಬಂದವರಿಗೆಲ್ಲ "ತಾಲ್ಲೂಕಿಗೇ ಫಸ್ಟ್ ಬತ್ತಾಳೆ ನೋಡ್ತಿರಿ" ಎಂದು ಸಾರಿಬಿಟ್ಟಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಹುಡುಗಿ ಹೆಸರು ಬರೆದು, ಪೆನ್ನು ಹಿಡಿದು, ಕೊನೆಯ ಗಂಟೆಯವರೆಗೆ ನಡುಗುತ್ತಾ ಕೂತು ಬಿಳಿಯ ಹಾಳೆಗಳನ್ನೇ ಹಿಂದಿರುಗಿಸಿದಳು. ಅಂದಿನಿಂದ ಮಾತು ನಿಂತಿತು. ಆಡಿದ್ದು ಒಂದೇ ಮಾತು: ಪಬ್ಲಿಕ್ ಪರೀಕ್ಷೆಗೆ ತಾನು ಹೋಗುವುದಿಲ್ಲ. ಹಾಲ್ ಟಿಕೆಟ್ಟು ಬಂದರೂ ಅವಳು ತೆಗೆದುಕೊಳ್ಳಲಿಲ್ಲ.

ಒಬ್ಬರು ಬೈದರು. ಒಬ್ಬರು ತಾಯಿತ ಕಟ್ಟಿಸಿ ಎಂದರು. ಇನ್ನೊಬ್ಬರು ಪರೀಕ್ಷೆಯ ಮಹತ್ವವನ್ನು ಕುರಿತು ಭಾಷಣ ಮಾಡಿದರು. ಮಾವ, "ಬುದ್ಧಿ ಹೇಳೋರು ಜಾಸ್ತಿಯಾದ್ರು, ರಾಗಿ ತನ್ನಿ," ಎಂದು ಅವಳನ್ನು ಕಲ್ಲಿನ ಮುಂದೆ ಕೂರಿಸಿ, ತಾವು ಎದುರಿಗೆ ಕೂತರು. ಶಾಲೆ ಬಿಟ್ಟ ಮೇಲೆ ಪ್ರತಿದಿನವೂ ಅವಳು ಬೀಸಿದಳು. ಹಾಡಲಿಲ್ಲ. ಮಾವ ಮಾತ್ರ ಆಗಾಗ "ಸುವ್ವಿ" ಎನ್ನುತ್ತಿದ್ದರು.

"ಅವಳು ಬಾಯೇ ಬಿಡ್ತಿಲ್ಲ, ನೀವು ಯಾವುದಕ್ಕೆ ಸಾರ್ ಸುವ್ವಿ ಅನ್ನೋದು?" ಎಂದರು ಮೇಡಂ.

"ಅವ್ಳು ಹೇಳ್ತಾನೇ ಅವ್ಳೆ ಮೇಡಂ. ನಮಗಿನ್ನೂ ಕೇಳುಸ್ತಿಲ್ಲ."

ಪರೀಕ್ಷೆಗೆ ವಾರವಷ್ಟೇ ಉಳಿದಿದ್ದಾಗ ಮೇಲಧಿಕಾರಿಯೊಬ್ಬರು ತನಿಖೆಗೆ ಬಂದರು. ಕಲ್ಲನ್ನು ಕಂಡು ಹುಬ್ಬೇರಿಸಿದರು.

"ಏನ್ರೀ ಇದು? ಶಾಲೆಯೋ, ಹಿಟ್ಟಿನ ಗಿರಣಿಯೋ?"

"ಗಿರಣಿಯಾದ್ರೆ ಬರೀ ಸದ್ದು ಮಾಡುತ್ತೆ ಸಾರ್, ಇದು ಕೇಳಿಸ್ಕೊಳ್ಳುತ್ತೆ," ಎಂದರು ಮಾವ.

"ತಮಾಷೆ ಬೇಡ. ಫಲಿತಾಂಶ ಕಡಿಮೆಯಾದರೆ ಯಾರು ಜವಾಬ್ದಾರಿ?"

"ನಾನೇ ಸಾರ್. ಆದ್ರೆ ಒಂದ್ ಮಗು ಮಾತೇ ಬುಟ್ಬುಟ್ಟೈತೆ. ಅದ್ಕೆ ಯಾರು ಸಾರ್?"

"ಅದೆಲ್ಲ ನಮ್ಮ ಇಲಾಖೆಗೆ ಬರೋದಿಲ್ಲ."

ಬರುವುದಿಲ್ಲವೇ? ಹಾಗಾದರೆ ಆ ಮಗು ಯಾವ ಇಲಾಖೆಗೆ ಬರುತ್ತದೆ? ಈ ತೊಂಬತ್ತರ ದಶಕದಲ್ಲಿ ನಮ್ಮ ಊರೂರಿಗೂ ಎಸ್‌ಟಿಡಿ ಬೂತು ಬಂದಿದೆ, ಕೇಬಲ್ ಟಿ.ವಿ. ಬಂದಿದೆ; ಹೆದರಿದ ಮಗು ತನ್ನ ಹೆದರಿಕೆಯನ್ನು ಹೇಳಿಕೊಳ್ಳಲು ಒಂದು ಮೂಲೆ ಬಂದಿಲ್ಲ. ಪಾಸಾದವರ ಶೇಕಡಾವಾರನ್ನು ಕೇಳುವ ಸುತ್ತೋಲೆಗಳು ಕಂತೆಕಂತೆಯಾಗಿ ಬರುತ್ತವೆ. ಎಷ್ಟು ಮಕ್ಕಳು ಊಟ ಬಿಟ್ಟರು, ಎಷ್ಟು ಮೇಷ್ಟರು ನಿದ್ದೆಗೆಟ್ಟರು ಎಂದು ಕೇಳಿದ ಒಂದೇ ಒಂದು ಸುತ್ತೋಲೆಯನ್ನು ಯಾರಾದರೂ ಕಂಡಿದ್ದೀರಾ? ಫಲಿತಾಂಶದ ಮರುದಿನ ಯಾವುದೋ ಕೆರೆಯ ದಡದಲ್ಲಿ ಜನ ಸೇರುತ್ತಾರೆ, ಆಗ ಎಲ್ಲರೂ "ಅಯ್ಯೋ ಪಾಪ" ಎನ್ನುತ್ತಾರೆ. ಪಾಪ ಯಾರದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಅನುಕಂಪ ಬೇಡ, ಉತ್ತರ ಬೇಕು. ಆ ದಿನವೂ ಇದನ್ನೇ ಕೇಳಲು ಎದ್ದು ನಿಂತೆ. ಮಾವ ನನ್ನ ಕೈ ಅದುಮಿ ಕೂರಿಸಿದರು. ಸಂಜೆಯೊಳಗೆ ಕಲ್ಲು ಶಾಲೆಯ ಕಾಂಪೌಂಡಿನ ಆಚೆ ಹೋಗಬೇಕೆಂದು ಆಜ್ಞಾಪಿಸಿ ಅಧಿಕಾರಿಗಳು ಜೀಪು ಹತ್ತಿದರು.

ಮುಖ್ಯೋಪಾಧ್ಯಾಯರು ಸೇವೆಯುದ್ದಕ್ಕೂ ಒಂದು ಆದೇಶವನ್ನೂ ಮೀರಿದವರಲ್ಲ. ಅವರು ಪ್ಯಾಂಟು ಮಡಚಿ ಮೊದಲು ಕಲ್ಲಿಗೆ ತಾವೇ ಕೈ ಹಾಕಿದರು. "ಕಾಂಪೌಂಡಿನ ಆಚೆ ಎಂದರೆ ಆಚೆ. ಎಷ್ಟು ಆಚೆ ಎಂದು ಅವರು ಹೇಳಿಲ್ಲ," ಎಂದರು. ಪಂಡಿತರು, ಮಾವ, ಅವರು ಸೇರಿ ಕಲ್ಲನ್ನು ಹೊತ್ತು, ಗೇಟು ದಾಟಿ, ಗೋಡೆಗೆ ಅಂಟಿಕೊಂಡೇ ಇದ್ದ ಹೊಂಗೆಮರದ ಕೆಳಗೆ ಇಳಿಸಿದರು. ಗೋಡೆಗೂ ಕಲ್ಲಿಗೂ ನಡುವೆ ಒಂದು ಗೇಣು!

ಶಾಲೆ ಬಿಟ್ಟಿತು. ಹುಡುಗಿ ಬಂದಳು. ಕೊಠಡಿಯ ಮೂಲೆ ಬರಿದಾಗಿರುವುದನ್ನು ಕಂಡು ಅಲ್ಲೇ ನಿಂತಳು. ಆಮೇಲೆ ಗೇಟಿನಾಚೆಯಿಂದ ಮಾವ ಕೈ ಬೀಸುವುದನ್ನು ನೋಡಿ ಓಡಿ ಬಂದಳು. ಮೇಷ್ಟರೆಲ್ಲ ಬೆವರಿಳಿದು ಸುತ್ತ ಕೂತಿದ್ದರು. ಮೂವರು ಗಂಡಸರು ತನಗಾಗಿ ಕಲ್ಲು ಹೊತ್ತದ್ದನ್ನು ಅವಳು ಒಬ್ಬೊಬ್ಬರ ಮುಖದಲ್ಲೂ ಓದಿಕೊಂಡಳೆಂದು ತೋರುತ್ತದೆ. ಕೂತು ಗೂಟ ಹಿಡಿದಳು. ಕಲ್ಲು ಒಂದು ಸುತ್ತು ಬಂದಿತು. ಅವಳ ತುಟಿ ಅಲುಗಿತು:

"ಒಂದು ಗುಲಗಂಜಿ ಕಮ್ಮಿ ತೂಗುದ್ರೆ ಕಲ್ಲವ್ವ,
ನಾನು ಅಪ್ಪನ ಮಗಳಲ್ವ?"

ಮಾವ ಬಾಯಿ ತೆರೆದರು. ಧ್ವನಿ ಬರಲಿಲ್ಲ. ಯಾರ ಬಾಯಿಯಿಂದಲೂ ಬರಲಿಲ್ಲ.

"ಸುವ್ವಿ ಅನ್ನಿ ಸಾ," ಎಂದಳು ಹುಡುಗಿ.

ಎಲ್ಲರೂ ಒಟ್ಟಿಗೆ ಅಂದೆವು. ಆಮೇಲೆ ಅವಳು ನಿಲ್ಲಲಿಲ್ಲ. ಮಡಿಲಲ್ಲಿದ್ದ ರಾಗಿ ಮುಗಿಯುವವರೆಗೂ ಹಾಡಿದಳು, ಅತ್ತಳು, ಬೀಸಿದಳು. ಕೊನೆಗೆ ಲಂಗದಿಂದ ಮುಖ ಒರೆಸಿಕೊಂಡು, "ನಾಳೆ ಹಾಲ್ ಟಿಕೆಟ್ ಇಸ್ಕತೀನಿ ಸಾ. ಬರಿಯಕಾದ್ರೆ ಬರೀತೀನಿ, ಆಗ್ದಿದ್ರೆ ಬಂದು ಇಲ್ಲಿ ಕೂತ್ಕತೀನಿ," ಎಂದಳು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಅನಗತ್ಯವಾಗಿ ಒರೆಸತೊಡಗಿದರು.

ನಾವು ಏಳುವುದರಲ್ಲಿದ್ದೆವು. ಹುಡುಗಿ ಮಾತ್ರ ಗೂಟವನ್ನು ಬಿಟ್ಟಿರಲಿಲ್ಲ.

"ಈಗ ನಿಮ್ದು ಹೇಳಿ ಸಾ."

"ನಂದೇನೈತೆ ಮಗ?"

"ಎಲ್ಲಾರ್ದೂ ನೀವ್ ಕೇಳುದ್ರಿ. ನಿಮ್ದು ಯಾರೂ ಕೇಳ್ನೇ ಇಲ್ಲ."

ನಿಜ. ಪಂಡಿತರು ಕೇಳಿರಲಿಲ್ಲ, ಮೇಡಂ ಕೇಳಿರಲಿಲ್ಲ, ನಾವು ಯಾರೂ ಕೇಳಿರಲಿಲ್ಲ. ಮೊದಲ ವರ್ಗಾವಣೆಯಾದಂದಿನಿಂದ ಅತ್ತೆ, ಪುಟ್ಟ ಮಗಳು ಶ್ರೀರಂಗಪಟ್ಟಣದಲ್ಲಿ. ಮಾವ ಊರಿಂದೂರಿಗೆ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ. ಅದರ ಬಗ್ಗೆ ಅವರು ತಮಾಷೆ ಮಾಡಿದ್ದನ್ನಷ್ಟೇ ನಾವು ಕೇಳಿದ್ದೆವು. ಈಗ ಅವರು ಗೂಟಕ್ಕೆ ಕೈ ಕೊಟ್ಟು, ತೀರ ಮೆಲ್ಲಗೆ ಎತ್ತಿಕೊಂಡರು:

"ಬಾನ್ವಾರ ಮನೆಗೋದ್ರೆ ಕಲ್ಲವ್ವ,
'ಅವ್ವಾ, ಯಾರೋ ಮೇಷ್ಟ್ರು ಬಂದವ್ರೆ' ಅಂತ
ನನ್ ಮಗಳು ಬಾಗಿಲ ಮರೆಗೋದ್ಲು."

ಹುಡುಗಿ ಚೀಲದ ತಳದಲ್ಲಿ ಉಳಿದಿದ್ದ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಿ, "ಸುವ್ವಿ" ಎಂದಳು.