ಎಂಟುನೂರು ಹಾಡು, ಒಂದೇ ಮಟ್ಟ

ಬೆಳಿಗ್ಗೆ ಹತ್ತೂಕಾಲಿಗೆ ರೋಗಿಯೊಬ್ಬ ಹಲ್ಲಿನ ಡಾಕ್ಟರ ಬೆರಳು ಕಚ್ಚಿದ. ತಪ್ಪು ರೋಗಿಯದಲ್ಲ, ಹಾಡಿನದು. ಗೋಡೆಯ ಸ್ಪೀಕರಿನಲ್ಲಿ ಯಾರೋ ಗಾಯಕಿ ತೊಟ್ಟಿಲು ತೂಗುವಷ್ಟು ಮೆಲ್ಲಗೆ ಹಾಡಿ ಮುಗಿಸಿದ್ದಳು. ಬಾಯಿ ತೆರೆದು ಮಲಗಿದ್ದವನ ಕಣ್ಣು ಮುಚ್ಚುತ್ತ ಬಂದಿತ್ತು. ಅಷ್ಟರಲ್ಲಿ ಮುಂದಿನ ಹಾಡು ಡ್ರಮ್ಮು, ಕಹಳೆ ಸಮೇತ ಬಾಗಿಲು ಒದ್ದುಕೊಂಡು ಒಳಬಂದಂತೆ ಬಂತು. ದವಡೆ ಇಲಿಬೋನಿನ ಹಾಗೆ ಟಪ್ಪನೆ ಮುಚ್ಚಿಕೊಂಡಿತು.

ಡಾಕ್ಟರು ಬೆರಳಿಗೆ ಹತ್ತಿ ಸುತ್ತಿಕೊಂಡು ಹೊರಗೆ ಬಂದರು. ಹೊರಗೆ ಮೇಜಿನ ಹಿಂದೆ ರೋಗಿಗಳ ಚೀಟಿ ಬರೆಯುವ ಬಡಪಾಯಿ ಕೂತಿದ್ದ. ಎಲ್ಲರೂ ಅವನನ್ನು ಚೀಟಿ ಎಂದೇ ಕರೆಯುತ್ತಿದ್ದರು.

"ಯಾರಯ್ಯಾ ಆ ಹಾಡು ಹಾಕಿದ್ದು?"

"ನಾನಲ್ಲ ಸಾರ್, ಕಂಪ್ಯೂಟರು. ಅದು ಸಾಲಾಗಿ ಹಾಕ್ತಾ ಹೋಗುತ್ತೆ."

ಹಾಡುಗಳೆಲ್ಲ ಡಾಕ್ಟರ ತಂದೆ, ಅಂದರೆ ಈಗ ನಿವೃತ್ತರಾಗಿರುವ ದೊಡ್ಡ ಡಾಕ್ಟರು, ಮೂವತ್ತು ವರ್ಷ ಕೂತು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದವು. ಮಗ ಕಳೆದ ತಿಂಗಳು ಎಲ್ಲವನ್ನೂ ಕಂಪ್ಯೂಟರಿಗೆ ಹತ್ತಿಸಿ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದ್ದರು. ಒಂದು ಹಾಡು ಪಿಸುಗುಟ್ಟಿದರೆ ಇನ್ನೊಂದು ಅಬ್ಬರಿಸುತ್ತಿತ್ತು.

"ಸಂಜೆ ಐದಕ್ಕೆ ಹೆಡ್ ಮೇಡಂ ಬರ್ತಾರೆ. ಎರಡು ದವಡೆ ಹಲ್ಲು ಕೀಳೋದಿದೆ. ಅವರ ಶಾಲೆ ಪೂರ್ತಿ ನಮ್ಮಲ್ಲಿಗೇ ಬರುತ್ತೆ ಅಂತ ನಿಂಗೆ ಗೊತ್ತಲ್ಲ? ಅಷ್ಟೊತ್ತಿಗೆ ಎಂಟುನೂರು ಹಾಡೂ ಒಂದೇ ಮಟ್ಟಕ್ಕೆ ಬಂದಿರಬೇಕು. ಬರಲಿಲ್ವೋ, ನಾಳೆಯಿಂದ ನೀನೂ ಬರ್ಬೇಡ."

ಚೀಟಿಗೆ ವರ್ಷದೊಳಗೆ ಇದು ಮೂರನೆಯ ಕೆಲಸ. ಅವನಿದ್ದದ್ದು ಅಕ್ಕನ ಮನೆಯಲ್ಲಿ. "ಇದನ್ನೂ ಕಳ್ಕೊಂಡು ಬಂದ್ರೆ ಚಪ್ಪಲಿ ಬಿಡೋ ತೊಂದ್ರೆ ತಗೋಬೇಡ, ಹಾಗೇ ವಾಪಸ್ ಹೋಗು" ಎಂದು ಅವಳು ಮೊದಲೇ ಹೇಳಿಟ್ಟಿದ್ದಳು.

ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದೇ ಹಾಡು ಕೇಳುತ್ತ ಮಟ್ಟ ತಿದ್ದಲು ಕೂತ. ಕಿವಿ ಮುಚ್ಚಿದವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯಲಿಲ್ಲ. ಎದುರು ಬಂದು ನಿಂತ ನಾಜೂಕು ಹೆಂಗಸನ್ನು, "ಕಟ್ಟಿಸಿದ ಹಲ್ಲು ತಂದಿದ್ದೀರಾ ಅಥವಾ ಬಾಯಲ್ಲೇ ಇದೆಯಾ?" ಎಂದು ಬೀದಿಗೆ ಕೇಳುವ ಹಾಗೆ ಕೇಳಿದ. ಅವಳ ಪಕ್ಕದಲ್ಲೇ ಭಾವೀ ಬೀಗರು ನಿಂತಿದ್ದರು.

"ಏನಪ್ಪಾ ಚೀಟಿ, ಮೈಕ್ ನುಂಗಿದ್ದೀಯಾ?" ಎಂದು ನರ್ಸಮ್ಮ ಬಂದು ಅವನ ಕಿವಿಯಿಂದ ತಂತಿ ಕಿತ್ತರು. ಆಗ ಗಂಟೆ ಎರಡು. ಸರಿಯಾದ ಹಾಡು ಹತ್ತೊಂಬತ್ತು.

ಗಲಾಟೆ ಕೇಳಿ ಪಕ್ಕದ ಔಷಧಿ ಅಂಗಡಿಯವನು ಒಳಗೆ ಬಂದ. ತನ್ನ ಅಂಗಡಿ ಬಿಟ್ಟು ಉಳಿದ ಎಲ್ಲ ಕೆಲಸವೂ ಗೊತ್ತಿದ್ದ ಮನುಷ್ಯ.

"ಕೈಯಲ್ಲಿ ಮಾಡ್ತಾರಾ ಗುರೂ ಇದನ್ನ? ಸರಿ ಹೋಗು ಆಚೆ." ಯಾವುದೋ ಸಾಫ್ಟ್‌ವೇರ್ ಇಳಿಸಿ ಎಂಟುನೂರನ್ನೂ ಅದರ ಬಾಯಿಗೆ ತುರುಕಿದ. "ಹಳೇ ಪ್ರತಿ ಇಟ್ಕೋಬೇಕಾ ಅಂತ ಕೇಳ್ತಿದೆ."

"ಇಟ್ಕೊಳ್ಳೋಣ್ವಾ?"

"ಕೆಟ್ಟದ್ದನ್ನ ಯಾರಾದ್ರೂ ಇಟ್ಕೋತಾರಾ?" ಎನ್ನುತ್ತ ಅವನೇ ಬಟನ್ ಒತ್ತಿದ.

ನಾಲ್ಕೂವರೆಗೆ ಕೆಲಸ ಮುಗಿಯಿತು. ಪಿಸುಮಾತಿನವಳು, ಕಹಳೆಯವನು, ಕೋರಸ್ಸಿನವರು ಎಲ್ಲ ಇಸ್ತ್ರಿ ಹಾಕಿದ ಅಂಗಿಗಳಂತೆ ಒಂದೇ ಸಮ ಬರತೊಡಗಿದರು. ಡಾಕ್ಟರು ಇಣುಕಿ, "ಭೇಷ್" ಎಂದರು. ಆ ಒಂದು ಮಾತಿಗೆ ಚೀಟಿಯ ಬೆನ್ನು ನೆಟ್ಟಗಾಯಿತು.

ಐದಕ್ಕೆ ಹೆಡ್ ಮೇಡಂ ಬಂದು ಒಳಗೆ ಹೋದರು. ಹೊರಗೆ ಹನ್ನೆರಡು ಜನ ಹಾಡು ಕೇಳುತ್ತ ಪತ್ರಿಕೆ ತಿರುವುತ್ತಿದ್ದರು. ಐದೂ ಹತ್ತಕ್ಕೆ ಒಳಗಿನಿಂದ ಒಂದು ಕೂಗು ಎದ್ದಿತು. ಹದವಾಗಿ ಹರಿಯುತ್ತಿದ್ದ ಹಾಡಿನ ಮೇಲೆ ಅದು ಬಿಳಿ ಗೋಡೆಗೆ ಎರಚಿದ ಮಸಿಯಷ್ಟು ಸ್ಪಷ್ಟವಾಗಿತ್ತು.

ಹನ್ನೆರಡು ಜನವೂ ಎದ್ದು ನಿಂತರು.

"ನಂದು ಬರೀ ಕ್ಲೀನಿಂಗು, ಮನೇಲೇ ಉಜ್ಕೋತೀನಿ" ಎಂದ ಒಬ್ಬ. "ನನಗೆ ನೋವೇ ಹೋಯ್ತು ನೋಡಿ" ಎಂದಳು ಇನ್ನೊಬ್ಬಳು. ಎರಡು ನಿಮಿಷದಲ್ಲಿ ಕುರ್ಚಿಗಳು ಮಾತ್ರ ಉಳಿದವು. ಇಳಿಯುವವರ ನಡುವೆ ದಾರಿ ಮಾಡಿಕೊಂಡು ದೊಡ್ಡ ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಒಂದು ಕ್ಷಣ ಸ್ಪೀಕರಿಗೆ ಕಿವಿಗೊಟ್ಟರು.

"ನನ್ನ ಹಾಡುಗಳನ್ನ ಯಾವ ಪುಣ್ಯಾತ್ಮ ಸಪಾಟು ಮಾಡಿದ್ದು?"

ಮಗ ಒಳಗಿನಿಂದ ಓಡಿಬಂದರು. "ನಾನೇ ಮಾಡಿಸ್ದೆ ಅಪ್ಪಾ. ಒಂದು ಮೆಲ್ಲಗೆ, ಒಂದು ಜೋರು..."

"ಅದನ್ನ ಹಾಗೇ ಜೋಡ್ಸಿದ್ದು ಕಣೋ! ಮೆಲ್ಲಗಿನ ಹಾಡಿಗೆ ರೋಗಿ ಕಣ್ಣು ಮುಚ್ಬೇಕು, ಜೋರಿನ ಹಾಡಿಗೆ ನಾನು ಹಲ್ಲು ಕೀಳ್ಬೇಕು. ಮೂವತ್ತು ವರ್ಷ ಈ ಹಾಲ್‌ನಲ್ಲಿ ಕೂತ ಒಬ್ರಿಗೂ ಒಂದು ಕೂಗು ಕೇಳ್ಸಿಲ್ಲ. ಹೋಗ್ಲಿ, ಹಳೇದು ಇದೆಯಲ್ಲ?"

ಮಗ ಚೀಟಿಯನ್ನು ನೋಡಿದರು. ಚೀಟಿ ಔಷಧಿ ಅಂಗಡಿಯವನಿಗಾಗಿ ಸುತ್ತ ನೋಡಿದ. ಆ ಮಹರಾಯನಿಗೆ ಅದೇ ಗಳಿಗೆಯಲ್ಲಿ ತನ್ನ ಅಂಗಡಿಯ ನೆನಪಾಗಿತ್ತು.

ಮೆಟ್ಟಿಲ ಕೆಳಗೆ ಹನ್ನೆರಡು ಜನ ಹೋಗಲೋ ಬೇಡವೋ ಎಂದು ನಿಂತಿದ್ದರು. ಒಳಗೆ ಹೆಡ್ ಮೇಡಂ ಬಾಯಲ್ಲಿ ಎರಡನೆಯ ಹಲ್ಲು ಬಾಕಿಯಿತ್ತು. ದೊಡ್ಡ ಡಾಕ್ಟರು ಚೀಟಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಗಂಟಲು ಹೇಗಿದೆ ನಿಂದು?"

"ಚೆನ್ನಾಗಿದೆ ಸಾರ್. ಯಾಕೆ?"

"ಹಲ್ಲು ಕೀಳೋ ಮುಂಚೆ ಒಳಗಿಂದ ಬೆಲ್ ಆಗುತ್ತೆ, ತಕ್ಷಣ ನೀನು ಹಾಡು. ಕೂಗು ಮುಚ್ಚಿಹೋಗ್ಬೇಕು. ಇವತ್ತು ಮುಚ್ಚಿದ್ರೆ ನಿನ್ನ ಕೆಲಸ ಉಳೀತು ಅಂದ್ಕೋ."

ಬೆಲ್ ಆಯಿತು. ಚೀಟಿ ಅಕ್ಕನನ್ನು ನೆನೆದ, ಕಣ್ಣು ಮುಚ್ಚಿದ, ಹೊಕ್ಕುಳಿಂದ ಹಾಡಿದ. ಕಿಟಕಿ ಗಾಜು ನಡುಗಿತು. ಕೆಳಗೆ ನಿಂತಿದ್ದ ಹನ್ನೆರಡು ಜನ ದಿಕ್ಕಾಪಾಲಾದರು. ಅವನಿಗೆ ಯಾವ ಕೂಗೂ ಕೇಳಿಸಲಿಲ್ಲ; ಗೆದ್ದೆ ಎಂದುಕೊಂಡು ಇನ್ನೊಂದು ಸಾಲು ಮೇಲಕ್ಕೆ ಎಳೆದ.

ಬಾಗಿಲು ತೆರೆಯಿತು. ಹೆಡ್ ಮೇಡಂ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ, ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡೇ ನಿಂತಿದ್ದರು. ಎರಡನೆಯ ಹಲ್ಲು ಇದ್ದಲ್ಲೇ ಇತ್ತು.

"ಡಾಕ್ಟ್ರೇ," ಎಂದರು ಅವರು, ಚೀಟಿಯತ್ತ ಬೆರಳು ತೋರಿಸುತ್ತ, "ಹಲ್ಲು ಇರ್ಲಿ ಬಿಡಿ, ಆ ನೋವು ತಡ್ಕೋತೀನಿ. ಮೊದ್ಲು ಇವನನ್ನ ಕಿತ್ತುಹಾಕಿ."