ಕಲ್ಲು ತೇಯುವ ಅಳಿಯ

ಕಲ್ಲು ಓದಿದವನಿಗೆ ಹೆಣ್ಣು ಕೊಡುವಾಗ ಯಾರೇ ಆಗಲಿ ಎರಡು ಸಲ ವಿಚಾರ ಮಾಡಬೇಕು. ನಮ್ಮ ಮಾವನವರು ಒಂದೇ ಸಲ ಮಾಡಿದರು. ಹುಡುಗ ಬಾಗಲಕೋಟೆಯ ಕಾಲೇಜಿನಲ್ಲಿದ್ದಾನೆ ಎಂಬ ಸುದ್ದಿ ಹುನಗುಂದದ ಕೋರ್ಟಿನಲ್ಲಿದ್ದ ಅವರಿಗೆ ಮುಟ್ಟಿತ್ತು. ಅಲ್ಲಿ ಏನು ಮಾಡುತ್ತಾನೆ ಎಂಬುದು ಮುಟ್ಟಿರಲಿಲ್ಲ.

ನಾನು ಮಾಡುತ್ತಿದ್ದುದು ಇಷ್ಟೆ. ಭೂಮಿಯೊಳಗೆ ಕರಗಿ ಆರಿದ ಕಲ್ಲು ಯಾವುದು, ಕಾವು ಒತ್ತಡಕ್ಕೆ ಸಿಕ್ಕು ರೂಪ ಬದಲಿಸಿದ ಕಲ್ಲು ಯಾವುದು ಎಂದು ಪ್ರಯೋಗಶಾಲೆಯಲ್ಲಿ ಹುಡುಗರಿಗೆ ತೋರಿಸುವುದು. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆ ಪುಡಿ ಹಾಕಿದ ಇನ್ನೊಂದು ದೊಡ್ಡ ಗಾಜಿನ ಮೇಲೆ ನೀರು ಬಿಟ್ಟು, ಬೆಳಕು ಹಾಯುವಷ್ಟು ತೆಳ್ಳಗೆ ತೇಯಬೇಕು. ಕಡಿಮೆಯಾದರೆ ಏನೂ ಕಾಣದು. ಒಂದು ಸುತ್ತು ಹೆಚ್ಚಾದರೆ ಕಲ್ಲೇ ಇರದು. ನನಗೆ ಯಾವಾಗಲೂ ಹೆಚ್ಚೇ ಆಗುತ್ತಿತ್ತು. ನಮ್ಮ ಭೂವಿಜ್ಞಾನ ವಿಭಾಗದ ಮುಖ್ಯಸ್ಥರಾದ ದೇಸಾಯಿ ಸರ್ ಒಮ್ಮೆ ನಾನು ಕೊಟ್ಟದ್ದನ್ನು ಬೆಳಕಿಗೆ ಹಿಡಿದು, "ಗಾಜು ಛಲೋ ತೊಳದೀರಿ" ಎಂದರು. ಸೋಮವಾರದೊಳಗೆ ಇಳಕಲ್ಲಿನ ಕೆಂಪು ಕಲ್ಲಿನದೊಂದು ಚೂರು ತಯಾರಾಗದಿದ್ದರೆ ನನ್ನ ನೌಕರಿ ಕಾಯಂ ಆಗುವ ಮಾತೇ ಇಲ್ಲವೆಂದೂ ಹೇಳಿದರು. ಸಾಮಾನೆಲ್ಲ ಮನೆಗೆ ಹೊತ್ತು ತಂದು ಹಿತ್ತಲಲ್ಲಿ ತೇಯಲು ಕೂತೆ.

ಆಗಲೇ ಅತ್ತೆಯವರು ಮೊಣಕಾಲು ನೋವೆಂದು ನರಳುತ್ತ ಹುನಗುಂದದ ಬಸ್ಸಿನಿಂದ ಬಂದಿಳಿದದ್ದು. ಅಳಿಯನ ಉದ್ಯೋಗ ನೋಡಿ ಮಗಳನ್ನು ಕೇಳಿದರು: "ಸಿಂಧೂ, ಅವರು ಏನ ತೇಯಲಿಕ್ಕೆ ಹತ್ಯಾರ?"

"ಕಲ್ಲು, ಅವ್ವಾ."

"ನನಗ್ಯಾಕ ಸುಳ್ಳ ಹೇಳ್ತಿ? ಶಾಣ್ಯಾರು ಕಲ್ಲು ತೇಯ್ತಾರೇನ?"

ಕೊನೆಯ ಸುತ್ತು ಹಾಕಲು ಧೈರ್ಯ ಸಾಲದೆ ನಾನು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅತ್ತೆಯವರು ನನ್ನ ಜಾಗದಲ್ಲಿ ಕೂತು, ದೇವರಿಗೆ ಗಂಧ ತೇಯುವ ಹಾಗೆ ಮೆತ್ತಗೆ ತೇಯುತ್ತಿದ್ದಾರೆ. ಮೊಣಕಾಲ ತುಂಬ ಸಾಣೆ ಪುಡಿಯ ಬೂದಿ ಬಣ್ಣದ ಲೇಪ!

"ಅತ್ತೆಯವರ, ಅದು ಔಷಧ ಅಲ್ಲರೀ!" ಎಂದು ಕೂಗಿದೆ.

"ಉರೀಲಿಕ್ಕೆ ಹತ್ತೇದ. ಔಷಧ ಅಲ್ಲದ್ದು ಉರೀತದೇನು?"

ನೌಕರಿ ಹೋಯಿತು ಎಂದುಕೊಂಡೇ ಗಾಜಿನ ಪಟ್ಟಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದೆ. ಕಲ್ಲು ಅಲ್ಲೇ ಇತ್ತು. ಅದರ ಮೂಲಕ ಆಚೆಯ ಪೇರಲ ಗಿಡವೂ ಕಾಣುತ್ತಿತ್ತು. ತಲೆ ಒರೆಸಿಕೊಳ್ಳದೆ ಕಾಲೇಜಿಗೆ ಓಡಿದೆ.

ದೇಸಾಯಿ ಸರ್ ಸೂಕ್ಷ್ಮದರ್ಶಕಕ್ಕೆ ಇಟ್ಟ ಕಣ್ಣು ತೆಗೆಯಲಿಲ್ಲ. "ಹರಳು ಹರಳು ಬಿಡಿಸಿ ಕಾಣ್ತಾವ. ಭಾಳ ಹದಾ ಬಂದದ. ಕಡೀಕೂ ನಿಮ್ಮ ಕೈ ಕೂಡ್ತು ನೋಡ್ರಿ!" ನಾನು ಎರಡೂ ಕೈಗಳನ್ನು ಜೇಬಿನೊಳಗೆ ಇಳಿಸಿದೆ. ನೌಕರಿ ಕಾಯಂ ಆಯಿತು. ಬೆನ್ನಿಗೇ ಅಪ್ಪಣೆಯೂ ಆಯಿತು: ಕಲಾದಗಿ ಕಡೆಯ, ರೂಪ ಬದಲಿಸಿದ ಕಲ್ಲಿನದೂ ಇಂಥದೇ ಒಂದು ಬೇಕು.

ಮನೆಗೆ ಬಂದರೆ ಅತ್ತೆಯವರು ಅಂಗಳದಲ್ಲಿ ಸರಸರ ಓಡಾಡುತ್ತಿದ್ದಾರೆ. "ಇನ್ನೊಂದಿಷ್ಟು ತೇಯ್ಕೋತೀರೇನ್ರಿ?" ಎಂದು ವಿನಯದಿಂದ ಕೇಳಿದೆ.

"ಬ್ಯಾಡರೀ, ಪೂರಾ ಆರಾಮ ಅದ."

ಅಂದಿನಿಂದ ಬೆಳಗ್ಗೆ ಎದ್ದವನೇ ಅವರ ಮೊಣಕಾಲನ್ನು ವಿಚಾರಿಸುವುದು ನನ್ನ ನೇಮವಾಯಿತು. ಆರಾಮ ಎಂದಾಗಲೆಲ್ಲ ನನ್ನ ಮುಖ ಬಾಡುತ್ತಿತ್ತು. "ನಮ್ಮವ್ವನ ಮ್ಯಾಲೆ ಇವರದು ಭಾಳ ಜೀವ" ಎಂದು ಸಿಂಧು ಓಣಿಗೆಲ್ಲ ಹೇಳಿಕೊಂಡು ಬಂದಳು. ಒಂದು ದಿನ ಅತ್ತೆಯವರು ಹೊಸ್ತಿಲು ದಾಟುತ್ತ "ಅಯ್ಯ, ಮೊಣಕಾಲ!" ಎಂದು ಕುಸಿದು ಕೂತರು. ಸಿಂಧು ಎಣ್ಣೆ ಕಾಯಿಸಲು ಓಡಿದಳು. ನಾನು ಗಾಜು ತೊಳೆಯಲು ಓಡಿದೆ.