ಪಂಕ್ತಿಯಲ್ಲಿ ಬಂದ ಫೋನು

ಕೆಲವರಿಗೆ ಮನೆತನದ ಬಗ್ಗೆ ಹೆಮ್ಮೆ, ಕೆಲವರಿಗೆ ಮಕ್ಕಳ ಮಾರ್ಕಿನ ಬಗ್ಗೆ. ನನಗೆ ನನ್ನ ಮೊಬೈಲಿನ ಬಗ್ಗೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ; ಆ ಕಾಲದ ಮೊಬೈಲು ಮುಚ್ಚಿಡುವ ಗಾತ್ರದ್ದೂ ಆಗಿರಲಿಲ್ಲ. ಉಡುಪಿ ಕೋರ್ಟಿನಲ್ಲಿ ಮೊದಮೊದಲು ಮೊಬೈಲು ಕೊಂಡ ವಕೀಲರಲ್ಲಿ ನಾನೊಬ್ಬ. ಅದನ್ನು ಬೆಲ್ಟಿಗೆ ಸಿಕ್ಕಿಸಿ, ನಾಲ್ಕು ಜನ ನೋಡಲಿ ಎಂದು ಕರಿಕೋಟಿನ ಗುಂಡಿ ಬಿಚ್ಚಿಯೇ ಓಡಾಡುತ್ತಿದ್ದೆ. ಕಟಪಾಡಿಯ ನಮ್ಮ ಮನೆಯೊಳಗೆ ಸಿಗ್ನಲ್ ಇರಲಿಲ್ಲ, ಅಂಗಳದ ಬಾವಿಕಟ್ಟೆಯ ಹತ್ತಿರ ಮಾತ್ರ ಸಿಗುತ್ತಿತ್ತು. ಹಾಗಾಗಿ ನಾನೆಷ್ಟು ದೊಡ್ಡ ವಕೀಲ ಎಂಬುದು ಅಕ್ಕಪಕ್ಕದ ಮನೆಗಳಿಗೂ ಚೆನ್ನಾಗಿ ಕೇಳಿಸುತ್ತಿತ್ತು.

ಕಕ್ಷಿದಾರರಿಗೆಲ್ಲ ನಂಬರನ್ನು ಧಾರಾಳವಾಗಿ ಹಂಚಿದ್ದೆ. ಅದರ ಪೂರ್ತಿ ಉಪಯೋಗ ಪಡೆದವರು ಕೆಮ್ಮಣ್ಣು ಊರಿನ ಬಾಬಣ್ಣ. ನೆರೆಮನೆಯ ತೆಂಗಿನಮರವೊಂದು ಬೇಲಿ ದಾಟಿ ಇವರ ಅಂಗಳದ ಮೇಲೆ ಬಾಗಿದ್ದೇ ಇವರ ವ್ಯಾಜ್ಯ. ನಾನು ಮೈಗೆ ಸೋಪು ಹಚ್ಚಿಕೊಂಡ ಹೊತ್ತಿಗೇ, ಬಾವಿಕಟ್ಟೆಯ ಮೇಲಿಟ್ಟ ಮೊಬೈಲಿಗೆ ಅವರ ಫೋನು ಬರುತ್ತಿತ್ತು.

"ವಕೀಲರೇ, ಈಗ ಒಂದು ಕಾಯಿ ಬಿತ್ತು. ಹೆಕ್ಕಬಹುದಾ?"

"ಮುಟ್ಟಬೇಡಿ ಬಾಬಣ್ಣ, ಅದು ಸಾಕ್ಷ್ಯ!"

ಟವೆಲು ಸುತ್ತಿಕೊಂಡು ಬಾವಿಕಟ್ಟೆಯ ಪಕ್ಕ ನಿಂತು ಕಾನೂನು ಹೇಳುವಾಗ ನನಗೆ ಬಹಳ ಗೌರವ ಎನಿಸುತ್ತಿತ್ತು. ಆದರೆ ಬರಬರುತ್ತ ದೇವರಕೋಣೆಯಲ್ಲಿ ಗಂಟೆ ಬಾರಿಸಿದರೂ ಬಾಯಿಯಿಂದ "ಹಲೋ" ಬರತೊಡಗಿತು. ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಾರದಿದ್ದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಿದ್ದೆ ಹಾರಿಹೋಯಿತು. ಮಣಿಪಾಲದ ಡಾಕ್ಟರರು ಬಿ.ಪಿ. ನೋಡಿ, "ಉಪ್ಪಿನಕಾಯಿ ಬಿಡಿ, ಊಟದ ಹೊತ್ತಿನ ಫೋನೂ ಬಿಡಿ" ಎಂದರು. ಬಿ.ಪಿ. ಬಂದದ್ದನ್ನೂ ನಾನು ಕೋರ್ಟಿನಲ್ಲಿ ವಕೀಲರು ಕೂರುವ ಬಾರ್ ರೂಮಿನಲ್ಲಿ ಪದಕ ಸಿಕ್ಕಿದವನ ಹಾಗೆ ಹೇಳಿಕೊಂಡು ತಿರುಗಿದೆ. ಹೆಂಡತಿ ಸುಮತಿಗೆ ಮಾತ್ರ ನಿಜಕ್ಕೂ ಹೆದರಿಕೆಯಾಗಿತ್ತು. "ಇನ್ನು ಊಟದ ಮಧ್ಯೆ ಒಮ್ಮೆ ಮಾತಾಡಿದರೂ ಫೋನು ನನ್ನ ಕೈಗೆ ಕೊಡಬೇಕು, ಆಯ್ತಾ?" ಎಂದಳು. ಒಪ್ಪಿಕೊಂಡೆ.

ಆಮೇಲೆ ಬಂತು ಕಾರ್ಕಳದಲ್ಲಿ ಅವಳ ಅಣ್ಣನ ಮಗಳ ಮದುವೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದೇನೆ, ಎದುರು ಪಂಕ್ತಿಯಲ್ಲಿ ಸುಮತಿ. ಸಾರನ್ನ ಕಲಸುವಾಗ ಫೋನು ಕೂಗಿತು. ಪಂಕ್ತಿಯ ಮಧ್ಯೆ ಏಳುವ ಹಾಗಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಆ ಸಂತೋಷ ಬೇರೆ. ಎಡಗೈಯಲ್ಲಿ ಎತ್ತಿದೆ. ಬಾಬಣ್ಣ!

"ವಕೀಲರೇ, ತಡೆಯಾಜ್ಞೆಗೆ ಅರ್ಜಿ ಹಾಕುವುದಾ?"

"ಹಾಕಿ! ಧೈರ್ಯವಾಗಿ ಹಾಕಿ. ಒಂದು ಸಾಲದು, ಇನ್ನೊಂದು ಹಾಕಿ!"

ಉಪ್ಪಿನಕಾಯಿ ಹಿಡಿದು ಎದುರಿಗೆ ಬಂದಿದ್ದ ಬಡಿಸುವವರು ಬಹಳ ವಿಧೇಯರು. ಹಾಕಿದರು. ಇನ್ನೊಂದೂ ಹಾಕಿದರು.

"ನೆರೆಮನೆಯವರು ರಾಜಿಗೆ ಬರ್ತಾರಂತೆ. ಎಂತ ಹೇಳುವುದು?"

"ಬೇಡ, ಬೇಡ! ನನಗೆ ಅದರ ಹೆಸರೇ ಹೇಳಬೇಡಿ!"

ನನ್ನ ಎಲೆಯ ಹತ್ತಿರ ಬಗ್ಗಿದ್ದ ಪಾಯಸದ ಸೌಟು ಹಾಗೆಯೇ ನೆಟ್ಟಗಾಗಿ ಪಕ್ಕದವರ ಎಲೆಗೆ ಹೋಯಿತು. ಅದು ಗೋಧಿ ಪಾಯಸ, ನನ್ನ ಪ್ರಾಣ. ತಲೆ ಎತ್ತಿದೆ. ಇಡೀ ಪಂಕ್ತಿ ನಗುತ್ತಿತ್ತು, ಸುಮತಿ ಒಬ್ಬಳನ್ನು ಬಿಟ್ಟು. ಕೈತೊಳೆಯುವಲ್ಲಿ ಅವಳು ಒಂದೇ ಮಾತು ಹೇಳಿದಳು: "ಕೊಡಿ ಇಲ್ಲಿ."

ಅಂದಿನಿಂದ ಕೋರ್ಟಿನಿಂದ ಬಂದ ಕೂಡಲೇ ಮೊಬೈಲು ಅವಳ ವಶ. ನಾನಿಲ್ಲದೆ ನನ್ನ ಕಕ್ಷಿದಾರರು ಕಂಗೆಡುತ್ತಾರೆಂದು ಮೊದಲ ವಾರ ಸುಮ್ಮನೆ ಒಳಹೊರಗೆ ನಡೆದಾಡಿದೆ. ಬಾವಿಕಟ್ಟೆಯಿಂದ ಅವಳ ದನಿ ಕೇಳುತ್ತಿತ್ತು: "ಕಾಯಿ ಬಿತ್ತಾ ಬಾಬಣ್ಣ? ಹೆಕ್ಕಿ ಅವರ ಮನೆಗೇ ಕೊಟ್ಟು ಬನ್ನಿ ಮಾರಾಯ್ರೇ. ಹಾಗೇ ಆ ಮನೆಯ ಅಜ್ಜಿಯ ಕಾಲುನೋವು ಹೇಗುಂಟು ಅಂತ ಕೇಳಿ." ಇದು ಯಾವ ಕಾನೂನಿನಲ್ಲಿ ಉಂಟು ಎಂದು ಕೇಳಬೇಕೆನಿಸಿತು. ಆದರೆ ಅಷ್ಟರಲ್ಲಿ ನಿದ್ದೆ ಬಂದಿತ್ತು. ಎಷ್ಟೋ ಸಮಯದ ಮೇಲೆ ಬಂದ ಒಳ್ಳೆಯ ನಿದ್ದೆ.

ಬಿ.ಪಿ. ಇಳಿಯಿತು. ಕೇಸೂ ಇಳಿಯಿತು. ಬಾಬಣ್ಣ, ನೆರೆಮನೆಯವರು ಇಬ್ಬರೂ ಒಂದೇ ರಿಕ್ಷಾದಲ್ಲಿ ಕೋರ್ಟಿಗೆ ಬಂದು ರಾಜಿಪತ್ರಕ್ಕೆ ರುಜು ಹಾಕಿದರು.

"ಎಂತ ಮಾರಾಯ್ರೇ, ನೀವು ರಾಜಿಗೆ ಒಪ್ಪುವ ಜನವೇ ಅಲ್ಲ ಅಲ್ವಾ? ಯಾರು ಮಾಡಿಸಿದ್ದು?" ಬಾರ್ ರೂಮಿನಲ್ಲಿ ಮಿತ್ರರೊಬ್ಬರು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

ನಾನು ಹೆಮ್ಮೆಯಿಂದಲೇ ಹೇಳಿದೆ: "ನಮ್ಮ ಸೀನಿಯರ್."